ಶತ್ರು ಹೇಳಿದರೇನು, ಬರೆದಿಟ್ಟರಲ್ಲ!

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಬಗ್ಗೆ ಬಂದ ಲೇಖನ ಓದಿದೆ. ಕೊಡಗಿನ ಆ ಪೈಲಟ್‌ನ ಸಾಹಸವನ್ನು ಪಾಕಿಸ್ತಾನದವರು ಹೇಳಿದ ಮೇಲೆ ನಾವು ಒಪ್ಪಿಕೊಂಡದ್ದು ಅವಮಾನ ಅಲ್ವಾ? ಆ ಭಾಗ ಬಿಡಬಹುದಿತ್ತು. ನಮ್ಮ ಚಿಕ್ಕಪ್ಪನೂ ಏರ್‌ಫೋರ್ಸಿನಲ್ಲಿದ್ದವರು. ಇಂಥದ್ದನ್ನೆಲ್ಲ ಬಾಯಿ ಬಿಡುತ್ತಿರಲಿಲ್ಲ.
— ನಿವೃತ್ತ ಶಿಕ್ಷಕರೊಬ್ಬರು, ಮಂಡ್ಯ

ಸಂಪಾದಕರ ಉತ್ತರ: ಮೇಷ್ಟ್ರೇ, ಎದುರು ಪಕ್ಷದವರ ಬರಹದಲ್ಲಿ ಬಡಾಯಿ ಇದ್ದೇ ಇರುತ್ತದೆ, ಸೋಸಿಯೇ ಓದಬೇಕು. ಅಷ್ಟು ಒಪ್ಪಿದೆ. ಆದರೆ ಆ ಭಾಗ ಬಿಟ್ಟರೆ ಉಳಿಯುವುದೇನು? 'ಕಾಣೆಯಾದರು' ಅಂತ ಒಂದು ಸಾಲು.

1965ರ ಸೆಪ್ಟೆಂಬರ್ 7, ಭಾರತ-ಪಾಕಿಸ್ತಾನ ಯುದ್ಧದ ಕಾಲ. ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ಹೊರಟವು. ದೇವಯ್ಯ ಬರೀ ಸ್ಟ್ಯಾಂಡ್‌ಬೈ. ಒಂದು ವಿಮಾನ ಕೈಕೊಟ್ಟಿತು, ಇವರು ಹಿಂದೆಯೇ ಹಾರಿದರು. ವಯಸ್ಸು 32. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ, ಸ್ಟಾರ್‌ಫೈಟರ್. ಅದರ ಪೈಲಟ್ ಅಮ್ಜದ್ ಹುಸೇನ್ ದೇವಯ್ಯನವರ ಮಿಸ್ಟೇರ್‌ಗೆ ಗುಂಡು ಹೊಡೆದ. ಇದರ ಕತೆ ಮುಗಿಯಿತು ಅಂದುಕೊಂಡು ಇನ್ನೊಂದರ ಬೆನ್ನು ಹತ್ತಿದ. ಗುಂಡು ತಿಂದ ಆ ವಿಮಾನವೇ ತಿರುಗಿಬಿದ್ದು ಅವನನ್ನು ಕೆಡವಿತು! ಅವನು ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡ. ದೇವಯ್ಯ ವಾಪಸ್ ಬರಲಿಲ್ಲ.

ನಮ್ಮವರು ಯಾರೂ ಇದನ್ನು ಕಂಡಿರಲಿಲ್ಲ. ಕಂಡವನು ಎದುರಾಳಿ, ಅವನು ಮುಚ್ಚಿಡಲಿಲ್ಲ. 1979ರಲ್ಲಿ ಬ್ರಿಟನ್ನಿನ ಲೇಖಕನೊಬ್ಬ ಅದನ್ನು ಪುಸ್ತಕದಲ್ಲಿ ಬರೆದ. ಆಮೇಲೆ ನಮ್ಮವರು ತಾಳೆ ಹಾಕಿ ನೋಡಿದರು. 1988ರಲ್ಲಿ ಮಹಾವೀರ ಚಕ್ರ ಬಂತು, ಅವರ ಪತ್ನಿ ಸ್ವೀಕರಿಸಿದರು. ನಡುವೆ 23 ವರ್ಷ! ನನಗೆ ಅವಮಾನ ಅನಿಸುವುದು ಈ 23 ವರ್ಷ, ಮೇಷ್ಟ್ರೇ. ಈಗ ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ, ಪ್ರತಿಮೆಯಿದೆ. ಸಂತೋಷ. ಹಾರ ಹಾಕುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ.

ನಮ್ಮ ಮೈಸೂರಿನ ಮಾತೇ ತೆಗೆದುಕೊಳ್ಳಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಗೆ 129ನೇ 'ಮೈಸೂರು' ಸ್ಕ್ವಾಡ್ರನ್ ಅಂತ ಒಂದು ವಿಮಾನದಳ ಇತ್ತು. ನಮ್ಮ ಸಂಸ್ಥಾನ ಕೊಟ್ಟ ಹಣಕ್ಕೆ ಆ ಹೆಸರು. 1941ರಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನಗಳೊಂದಿಗೆ ಶುರುವಾಯಿತು, 1942ರಲ್ಲಿ ಫ್ರಾನ್ಸಿನ ಕರಾವಳಿಯ ಡಿಯೆಪ್ ಮೇಲಿನ ದಾಳಿಯಲ್ಲೂ ಹಾರಿತು. ಅದರ ಲಾಂಛನ ಏನು ಗೊತ್ತೇ? ಸರ್ಕಾರಿ ಬಸ್ಸಿನ ಮೇಲೆ ನೀವು ದಿನಾ ನೋಡುವ ಗಂಡಭೇರುಂಡ! ಆ ಲಾಂಛನದಡಿ ಹಾರಿ ಮತ್ತೆ ಬಾರದ ಹುಡುಗರ ಹೆಸರು ಅಲ್ಲಿನವರ ದಾಖಲೆಯಲ್ಲಿದೆ. ದುಡ್ಡು ಕೊಟ್ಟ ಊರಿನವರಿಗೆ ಸ್ಕ್ವಾಡ್ರನ್ನಿನ ಹೆಸರೇ ಗೊತ್ತಿಲ್ಲ. ದಸರಾದಲ್ಲಿ ಏರ್ ಷೋ ಅಂದರೆ ಮಾತ್ರ ಜನ ಬನ್ನಿಮಂಟಪದ ಕಡೆ ನುಗ್ಗುತ್ತಾರೆ.

ಹೋಗಲಿ, ಪೇಪರುಗಳಾದರೂ ಉಳಿದಿವೆಯೇ? ಇಲ್ಲಿನ ಒಂದು ವಾಚನಾಲಯದಲ್ಲಿ 1971ರ ಯುದ್ಧಕಾಲದ ಪತ್ರಿಕೆಗಳನ್ನು ಕೇಳಿದ್ದೆ. 'ಜಾಗ ಸಾಲಲಿಲ್ಲ ಸಾರ್, ರದ್ದಿಗೆ ಹಾಕಿದ್ವಿ' ಅಂದರು. ಅದೇ ಗೋಡೆಯ ಮೇಲೆ ಉದ್ಘಾಟನೆಯ ಅಮೃತಶಿಲೆ ಮಾತ್ರ ಭದ್ರವಾಗಿತ್ತು, ಮಂತ್ರಿಯಿಂದ ಗುತ್ತಿಗೆದಾರನವರೆಗೆ ಎಲ್ಲರ ಹೆಸರೂ ಇತ್ತು.

ಚಿಕ್ಕಪ್ಪ ಬಾಯಿ ಬಿಡುತ್ತಿರಲಿಲ್ಲ ಅಂತೀರಿ. ನೀವು ಕೂತು ಕೇಳಿದ್ದಿರಾ? ಮಕ್ಕಳಿಗೆ ಪ್ರಬಂಧ ಬರೆಸಿದವರು ನೀವು, ಮನೆಯಲ್ಲೇ ಇದ್ದ ವಿಷಯ ಬಿಟ್ಟಿರಲ್ಲ! ಚಿಕ್ಕಮ್ಮ ಇದ್ದರೆ ಈ ಭಾನುವಾರವೇ ಹೋಗಿ. ಟ್ರಂಕು ತೆಗೆಸಿ. ಗುಂಪಿನ ಫೋಟೋ ಸಿಕ್ಕರೆ ಯಾರ ಪಕ್ಕ ಯಾರು, ಯಾವ ಊರು ಅಂತ ಕೇಳಿ ಹಿಂದುಗಡೆ ಬರೆದುಬಿಡಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಬಾಲ್‌ಪೆನ್ ಒತ್ತಿದರೆ ಮುಂದಕ್ಕೆ ಗೀರು ಮೂಡುತ್ತದೆ. ಒಂದು ಪ್ರತಿ ನಮಗೂ ಕಳಿಸಿ, ಎರಡು ಪುಟ ಖಾಲಿ ಇಟ್ಟಿರುತ್ತೇನೆ.