ಸಂಗೀತ ಚಿಕಿತ್ಸೆಯಲ್ಲಿ ಪದವಿ ಓದಲು ಚೆನ್ನಾಗಿ ಹಾಡಲು ಬಂದರೆ ಸಾಕೇ?

ಸಾಲದು. ಸಂಗೀತ ಜ್ಞಾನ ಪ್ರವೇಶ ಪಡೆಯಲು ಬೇಕು. ಅಲ್ಲಿಂದ ಮುಂದಿನದು ಬೇರೆಯೇ ಓದು.

ಈ ವಿಷಯದ ಮೊದಲ ಪದವಿ ಶಿಕ್ಷಣ ಆರಂಭವಾದದ್ದು 1944ರಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ. ಅಮೆರಿಕದ ಇಂದಿನ ಪದವಿಗಳಲ್ಲಿ ಸಂಗೀತಶಾಸ್ತ್ರದ ಜೊತೆಗೆ ಮನಃಶಾಸ್ತ್ರ, ಅಂಗರಚನಾಶಾಸ್ತ್ರ, ಸಂಶೋಧನಾ ವಿಧಾನ ಎಲ್ಲವೂ ಇರುತ್ತವೆ. ನಿಮ್ಮ ಮುಖ್ಯ ವಾದ್ಯ ಪಿಟೀಲೇ ಆಗಿದ್ದರೂ ಗಿಟಾರ್, ಪಿಯಾನೊ, ತಾಳವಾದ್ಯ, ಗಾಯನ ಇವುಗಳನ್ನು ಕಲಿಯಬೇಕಾಗುತ್ತದೆ.

ನಿಜವಾದ ಕಲಿಕೆ ಇರುವುದು ರೋಗಿಗಳ ಜೊತೆಗಿನ ತರಬೇತಿಯಲ್ಲಿ. ಅಮೆರಿಕದಲ್ಲಿ ಇದು ಕನಿಷ್ಠ 1200 ಗಂಟೆ, ಇಂಟರ್ನ್‌ಶಿಪ್ ಸೇರಿ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಕೆಲವರು ಪರಿಚಿತ ಹಾಡಿನ ಸಾಲುಗಳನ್ನು ಹಾಡಬಲ್ಲರು. ಆ ಸ್ವರದ ಏರಿಳಿತವನ್ನು ಹಿಡಿದು ಸಣ್ಣ ಮಾತುಗಳನ್ನು ಮರಳಿ ಅಭ್ಯಾಸ ಮಾಡಿಸುತ್ತಾರೆ. ಪಾರ್ಕಿನ್ಸನ್ ಕಾಯಿಲೆಯವರಿಗೆ ಸ್ಥಿರವಾದ ಲಯ ಕೇಳಿಸಿ ನಡಿಗೆ ಸುಧಾರಿಸಲು ಯತ್ನಿಸುತ್ತಾರೆ. ಎದುರಿಗಿರುವವರು ದಣಿದರೆ ವೇಗ ತಗ್ಗಿಸಬೇಕು, ಬೇಡವೆಂದರೆ ನಿಲ್ಲಿಸಬೇಕು. ಗುರಿ ನಿಗದಿಪಡಿಸಿ, ಪ್ರಗತಿ ಅಳೆದು, ದಾಖಲೆ ಬರೆಯುವುದೂ ಚಿಕಿತ್ಸಕರದೇ ಕೆಲಸ. ವೇದಿಕೆಯ ಚಪ್ಪಾಳೆ ಬಯಸುವವರಿಗೆ ಈ ಶಿಸ್ತು ಕಷ್ಟವಾಗಬಹುದು. ಕೇಳಿಸಿಕೊಳ್ಳುವ ತಾಳ್ಮೆಯನ್ನು ನಾನು ಕಂಠಸಿರಿಗಿಂತ ದೊಡ್ಡ ಅರ್ಹತೆಯೆಂದು ಭಾವಿಸುತ್ತೇನೆ.

ಒಂದು ಎಚ್ಚರಿಕೆ: ಇಂಥ ರೋಗಕ್ಕೆ ಇಂಥ ರಾಗ ಎಂದು ಔಷಧದ ಚೀಟಿಯಂತೆ ಬರೆದುಕೊಡುವುದನ್ನು ಈ ಪದವಿ ಕಲಿಸುವುದಿಲ್ಲ.

ಸೇರುವ ಮೊದಲು ಆ ಪದವಿಯಿಂದ ವೃತ್ತಿ ಪರವಾನಗಿ ಸಿಗುತ್ತದೆಯೇ ಎಂದು ವಿಚಾರಿಸಿ. ಅಮೆರಿಕದಲ್ಲಿ ಸ್ನಾತಕ ಪದವಿಯ ನಂತರ ಪ್ರಮಾಣೀಕರಣ ಪರೀಕ್ಷೆ ಬರೆಯಬಹುದು. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಬೇಕಾಗುತ್ತದೆ.