ಡಾಕ್ಟರ್ ಹೌಸ್ ಎಲ್ಲರಿಗೂ ಬೈಯುತ್ತಾನೆ, ಆದರೂ ಜನಕ್ಕೆ ಯಾಕೆ ಇಷ್ಟ? ಮುಂದುವರಿಸಲಾ, ಬಿಡಲಾ?

ಅಮೆರಿಕದ ‘ಹೌಸ್’ ಸೀರಿಯಲ್ ಮೂರು ಕಂತು ನೋಡಿದೆ, ಆ ಡಾಕ್ಟರಿನ ಸಿಡುಕು ತಡೆಯಲಾಗುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಎಂಟು ಸೀಸನ್, 177 ಕಂತು ಪೂರ್ತಿ ನೋಡಿದವನು. ಮೊದಲ ಮೂರು ಸೀಸನ್ ಎರಡೆರಡು ಸಲ. ಜೊತೆಗೆ ಚಿಕ್ಕಮಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಬೆಳಗ್ಗೆ ಆರೂವರೆಯಿಂದ ಜನರ ರಕ್ತ ತೆಗೆಯುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ಬೈಯುವ ಡಾಕ್ಟರು ನಮಗೇನೂ ಹೊಸಬರಲ್ಲ, ಅಲ್ವಾ? ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಒಬ್ಬರಿದ್ದರು. "ಬೀಡಿ ಬಿಡಲ್ಲ ಅಂದ್ರೆ ನನ್ನ ಹತ್ರ ಯಾಕೆ ಬಂದೆ, ಏಳು" ಅಂತ ಹೊರಗೆ ಕೂತವರಿಗೆಲ್ಲ ಕೇಳುವ ಹಾಗೆ ಗದರುತ್ತಿದ್ದರು. ಆದರೂ ಆಲ್ದೂರು, ಮಲ್ಲಂದೂರು ಕಡೆಯವರು ಮೊದಲ ಬಸ್ಸಿಗೇ ಬಂದು ಚೀಟಿ ಹಿಡಿದು ಕೂರುತ್ತಿದ್ದರು. ಕೇಳಿದರೆ ಒಂದೇ ಮಾತು: "ಬಾಯಿ ಕೆಟ್ಟದು, ಕೈಗುಣ ಒಳ್ಳೇದು." ನಗುನಗುತ್ತಾ ಮಾತಾಡಿಸಿ ಎರಡು ಪುಟ ಟೆಸ್ಟ್ ಬರೆಯುವವರಿಗಿಂತ ಬೈದು ಒಂದು ಮಾತ್ರೆ ಕೊಡುವವರೇ ವಾಸಿ ಅನ್ನುವ ಲೆಕ್ಕ ನಮ್ಮಲ್ಲಿ ಮೊದಲಿಂದಲೂ ಇದೆ. (ಟೆಸ್ಟ್ ಮಾಡುವವನು ನಾನೇ ಆದ್ದರಿಂದ ಇದನ್ನ ಜೋರಾಗಿ ಹೇಳುವ ಹಾಗಿಲ್ಲ.)

ಹೌಸ್ ಇದೇ ಜಾತಿಯವನು. ಆದರೆ ಒಂದು ವ್ಯತ್ಯಾಸ ಇದೆ. ನಮ್ಮ ಡಾಕ್ಟರು ಬೈದಾದ ಮೇಲೆ ಲೈನ್ ಮನೆಯ ತೋಟದ ಕೂಲಿಯವರ ಹತ್ತಿರ ಫೀಸು ತಗೊಳ್ಳುತ್ತಿರಲಿಲ್ಲ. ಹೌಸ್‌ಗೆ ರೋಗಿಗಿಂತ ಒಗಟು ಮುಖ್ಯ. ಒಗಟು ಬಿಡಿಸಿದ ಮೇಲೆ ರೋಗಿಯ ಮುಖ ನೋಡುವ ಆಸೆಯೂ ಇಲ್ಲ. ಅವನು ಷರ್ಲಾಕ್ ಹೋಮ್ಸ್‌ನ ಅಚ್ಚಿನಲ್ಲಿ ಹುಟ್ಟಿದ ಪಾತ್ರ. ಗೆಳೆಯ ವಾಟ್ಸನ್ ಇಲ್ಲಿ ವಿಲ್ಸನ್ ಆಗಿದ್ದಾನೆ, ಮನೆ ನಂಬರ್ ಕೂಡ ಹೋಮ್ಸ್‌ನದೇ, 221ಬಿ. ಹಾಗಾಗಿ ಇದನ್ನ ಆಸ್ಪತ್ರೆ ಕಥೆ ಅಂದುಕೊಳ್ಳದೆ ಪತ್ತೇದಾರಿ ಅಂದುಕೊಂಡು ನೋಡಿ. ಕಳ್ಳನ ಜಾಗದಲ್ಲಿ ಕಾಯಿಲೆ ಇದೆ, ಅಷ್ಟೇ.

"ಎಲ್ಲರೂ ಸುಳ್ಳು ಹೇಳ್ತಾರೆ" ಅನ್ನುವುದು ಅವನ ಮಂತ್ರ. ಮೊದಲ ಸಲ ಕೇಳಿದಾಗ ನಾನು ಒಬ್ಬನೇ ಕೂತು ನಕ್ಕಿದ್ದೇನೆ. ಯಾಕೆ ಅಂತ ಹೇಳುತ್ತೇನೆ. ಒಂದು ದಿನ ಒಬ್ಬರು ಅಜ್ಜಿ ಫಾಸ್ಟಿಂಗ್ ಶುಗರ್‌ಗೆ ಬಂದರು. ಏನಾದ್ರೂ ತಿಂದಿದ್ದೀರಾ ಅಂತ ಕೇಳಿದೆ. "ಇಲ್ಲಪ್ಪ, ಬರೀ ಹೊಟ್ಟೆ." ರಿಪೋರ್ಟ್ ನೋಡಿದರೆ 210. ಹಿಂದಿನ ತಿಂಗಳು 120ರ ಹತ್ತಿರ ಇತ್ತು. ಮತ್ತೆ ಕರೆದು ಕೇಳಿದೆ.

"ಅಜ್ಜಿ, ಕಾಫಿ ಕುಡಿದ್ರಾ?"

"ಕಾಫಿ ಬಿಟ್ಟು ಹೇಳ್ದೆ ಕಣಪ್ಪ."

"ಸಕ್ಕರೆ ಹಾಕಿದ್ದಾ?"

"ಅಯ್ಯೋ, ಸಕ್ಕರೆ ಮುಟ್ಟಲ್ಲ ನಾನು. ಬೆಲ್ಲದ ಕಾಫಿ. ಎರಡು ಲೋಟ."

ಹೌಸ್ ಆಗಿದ್ದರೆ ಅಜ್ಜಿ ಸುಳ್ಳು ಹೇಳಿದರು ಅನ್ನುತ್ತಿದ್ದ. ನನಗೆ ಹಾಗನ್ನಿಸಲಿಲ್ಲ. ಕಾಫಿ ಸೀಮೆಯಲ್ಲಿ ಕಾಫಿ ಊಟದ ಲೆಕ್ಕಕ್ಕೆ ಬರಲ್ಲ, ಅದು ಮುಖ ತೊಳೆದ ಹಾಗೆ. ತಪ್ಪಿದ್ದು ನನ್ನ ಪ್ರಶ್ನೆಯಲ್ಲಿ. ಆವತ್ತಿಂದ "ತಿಂದ್ರಾ" ಅಂತ ಕೇಳುವುದನ್ನ ಬಿಟ್ಟು, "ಕಾಫಿ ಎಷ್ಟು ಹೊತ್ತಿಗೆ ಆಯ್ತು?" ಅಂತಲೇ ಶುರು ಮಾಡುತ್ತೇನೆ. ಹತ್ತರಲ್ಲಿ ಮೂರು ಜನ ತಟ್ಟನೆ ಟೈಮ್ ಹೇಳಿಬಿಡುತ್ತಾರೆ!

ನಾನು ಈ ಸೀರಿಯಲ್ ನೋಡುವುದು ಇದಕ್ಕೇ. ಅವನ ಬೈಗುಳ ತೆಗೆದು ಪಕ್ಕಕ್ಕಿಟ್ಟರೆ ಕೆಳಗೆ ಒಳ್ಳೆ ಪ್ರಶ್ನೆಗಳಿರುತ್ತವೆ. ಏನು ತಿಂದೆ, ಎಲ್ಲಿಗೆ ಹೋಗಿದ್ದೆ, ಮನೆಯಲ್ಲಿ ಏನಿದೆ. ರೋಗಿಯ ಬಾಯಿ ನಂಬದೆ ತನ್ನ ಹುಡುಗರನ್ನ ರೋಗಿಯ ಮನೆಗೇ ನುಗ್ಗಿಸುತ್ತಾನೆ. ಮೊದಲ ಕಂತು ನೆನಪಿದೆಯಲ್ಲ? ಟೀಚರ್ ಒಬ್ಬಳು ಪಾಠ ಮಾಡುತ್ತಾ ಮಾತು ತೊದಲಿ ಬೀಳುತ್ತಾಳೆ. ಕೊನೆಗೆ ಸುಳಿವು ಸಿಗುವುದು ಅವಳ ಮನೆಯಲ್ಲಿದ್ದ ಹಂದಿಮಾಂಸದಿಂದ. ಮೆದುಳಿನಲ್ಲಿ ಲಾಡಿಹುಳದ ಮರಿ. ಇದು ಅಮೆರಿಕದವರಿಗೆ ಅಪರೂಪ, ನಮಗಲ್ಲ. ನಮ್ಮ ದೇಶದಲ್ಲಿ ಫಿಟ್ಸ್ ಬರಲು ಇದೊಂದು ಮಾಮೂಲಿ ಕಾರಣ. ಹಂದಿ ಮುಟ್ಟದವರಿಗೂ ಬರುತ್ತದೆ, ಯಾಕಂದರೆ ಮೆದುಳಿಗೆ ಹೋಗುವ ಮರಿಗಳು ಹುಟ್ಟುವುದು ಹುಳದ ಮೊಟ್ಟೆಯಿಂದ. ಆ ಮೊಟ್ಟೆ ಸರಿಯಾಗಿ ತೊಳೆಯದ ಸೊಪ್ಪಿನಲ್ಲೋ ಕೈಯಲ್ಲೋ ಇರಬಹುದು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮೊದಲ ಸೀಸನ್ನಿನ ಎಂಟನೇ ಕಂತು. ಹೈಸ್ಕೂಲ್ ಹುಡುಗನೊಬ್ಬ ಪರೀಕ್ಷೆಯಲ್ಲಿ ಕುಸಿಯುತ್ತಾನೆ. ಲಕ್ಷಣವೆಲ್ಲ ಕೀಟನಾಶಕದ ವಿಷದ್ದು. ಆದರೆ ಎಲ್ಲಿಂದ ಬಂತು? ಕೊನೆಗೆ ಸಿಗುವುದು ರಸ್ತೆ ಬದಿ ಗಾಡಿಯಲ್ಲಿ ಕೊಂಡ ಹೊಸ ಜೀನ್ಸ್ ಪ್ಯಾಂಟಿನಲ್ಲಿ. ಬಟ್ಟೆ ಮೇಲೆ ಔಷಧಿ ಚೆಲ್ಲಿತ್ತು, ಚರ್ಮದಿಂದಲೇ ಒಳಗಿಳಿದಿತ್ತು. ಈ ಜಾತಿ ವಿಷ ನಮ್ಮ ತೋಟಗಳಿಗೆ ಹೊಸದಲ್ಲ. ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್ ಕೂಡ ಅದೇ ಗುಂಪಿನದು. ನಮ್ಮಪ್ಪ ಔಷಧಿ ಹೊಡೆದು ಬಂದ ದಿನ ಅಮ್ಮ ಆ ಅಂಗಿಯನ್ನ ಮನೆ ಒಳಗೆ ಬಿಡುತ್ತಿರಲಿಲ್ಲ. ಹಿತ್ತಲಲ್ಲೇ ಬೇರೆ ಬಕೆಟ್. ನಾವು ಅದನ್ನ ಮಡಿ ಅಂತ ಗೇಲಿ ಮಾಡುತ್ತಿದ್ದೆವು. ಆ ಕಂತು ನೋಡಿದ ರಾತ್ರಿ ಅಮ್ಮನಿಗೆ ಹೇಳಿದೆ, ನೀನು ಸರಿ ಇದ್ದೆ ಅಂತ. "ಅದಕ್ಕೆ ಇಂಗ್ಲಿಷಿನವನು ಬಂದು ಹೇಳಬೇಕಾಯ್ತಾ?" ಅಂದರು.

ಜ್ವರ ಅಂತ ಬಂದವರನ್ನ "ಕಾಡಿಗೆ ದರಗು ತರೋಕೆ ಹೋಗಿದ್ರಾ? ಮಂಗ ಸತ್ತಿದ್ದು ಕಂಡ್ರಾ?" ಅಂತ ಕೇಳುವ ಡಾಕ್ಟರು ಕೊಪ್ಪ, ಎನ್.ಆರ್.ಪುರ ಕಡೆ ಈಗಲೂ ಇದ್ದಾರೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಹೌಸ್‌ಗೆ ಸಿಕ್ಕಿದ್ದರೆ ಎರಡು ಕಂತು ಮಾಡುತ್ತಿದ್ದರು.

ಹಾಗಂತ ಎಲ್ಲವನ್ನೂ ನಂಬಬೇಡಿ. ನನ್ನ ದೊಡ್ಡ ತಕರಾರು ಏನಂದರೆ, ಆ ಆಸ್ಪತ್ರೆಯಲ್ಲಿ ನನ್ನ ಕೆಲಸದವರು ಕಾಣುವುದೇ ಅಪರೂಪ! ರಕ್ತ ತೆಗೆಯುವುದು, ಸ್ಲೈಡ್ ನೋಡುವುದು, ಎಂ.ಆರ್.ಐ. ಮಾಡುವುದು, ಸುಮಾರಾಗಿ ಎಲ್ಲಾ ಡಾಕ್ಟರುಗಳೇ. ರಿಪೋರ್ಟ್ ಮುಂದಿನ ಸೀನಿಗೇ ರೆಡಿ. ಅವರು ಮಾತೆತ್ತಿದರೆ ಲೂಪಸ್ ಅನ್ನುತ್ತಾರೆ, ಅಂದರೆ ದೇಹದ ರೋಗನಿರೋಧಕ ಶಕ್ತಿ ತನ್ನ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ. ಅದಕ್ಕೆ ಬೇಕಾದ ಎ.ಎನ್.ಎ. ಟೆಸ್ಟನ್ನ ನಮ್ಮ ಲ್ಯಾಬಿನಿಂದ ಬೆಂಗಳೂರಿಗೆ ಕಳಿಸಿ ದಿನಗಟ್ಟಲೆ ಕಾಯುತ್ತೇವೆ. ಅಂದಹಾಗೆ, ಲೂಪಸ್ ಅಲ್ಲ ಅಲ್ಲ ಅಂತ ಹೇಳಿ ಹೇಳಿ, ನಾಲ್ಕನೇ ಸೀಸನ್ನಿನಲ್ಲಿ ಒಬ್ಬ ಜಾದೂಗಾರನಿಗೆ ನಿಜವಾಗಿಯೂ ಲೂಪಸ್ ಇರುತ್ತದೆ. ಆಗ ಹೌಸ್ ಮುಖ ನೋಡಬೇಕು.

ಇನ್ನು ನಟ. ಹ್ಯೂ ಲಾರಿ ಇಂಗ್ಲೆಂಡಿನವರು, ಅವರ ಅಪ್ಪನೂ ಡಾಕ್ಟರು. ಅಮೆರಿಕದ ಉಚ್ಚಾರಣೆ ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ಅಂದರೆ, ಅವರ ನಿಜವಾದ ಮಾತು ಕೇಳಿದಾಗ ಬೇರೆ ಯಾರೋ ಡಬ್ ಮಾಡಿದ್ದಾರೆ ಅನ್ನಿಸಿತು. ಹೌಸ್ ಊರುಗೋಲು ಹಿಡಿಯುವುದು ನೋವಿರುವ ಕಾಲಿನ ಕಡೆಯೇ. ಯಾವ ಫಿಜಿಯೋಥೆರಪಿಯವರನ್ನ ಕೇಳಿದರೂ ನೋವಿಲ್ಲದ ಕಡೆಯ ಕೈಯಲ್ಲಿ ಹಿಡೀರಿ ಅನ್ನುತ್ತಾರೆ. ಯಾರ ಮಾತೂ ಕೇಳದವನು ಕೋಲಿನ ವಿಷಯದಲ್ಲಿ ಕೇಳುತ್ತಾನಾ?

ಈಗ ನಿಮ್ಮ ಪ್ರಶ್ನೆಗೆ. ಮೊದಲ ಸೀಸನ್ನಿನ 21ನೇ ಕಂತಿನವರೆಗೆ ತಾಳಿಕೊಳ್ಳಿ. ಹೌಸ್ ವಿದ್ಯಾರ್ಥಿಗಳಿಗೆ ಮೂರು ಕಾಲುನೋವಿನ ಕಥೆ ಹೇಳುತ್ತಾನೆ. ಅದನ್ನ ಬರೆದ ಡೇವಿಡ್ ಶೋರ್‌ಗೆ 2005ರಲ್ಲಿ ಅಮೆರಿಕದ ಟಿವಿಯವರಿಗೆ ಕೊಡುವ ಎಮ್ಮಿ ಪ್ರಶಸ್ತಿ ಬಂತು. ಕಥೆ ಹೇಳಲ್ಲ, ಆದರೆ ಸಿಡುಕು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಅದನ್ನ ನೋಡಿದ ಮೇಲೂ ಅವನು ಹಿಂಸೆ ಅನ್ನಿಸಿದರೆ ಧಾರಾಳವಾಗಿ ಬಿಡಿ. ಇಷ್ಟವಾದರೆ ಐದನೇ ಸೀಸನ್‌ವರೆಗೆ ಆರಾಮಾಗಿ ಹೋಗಿ. ಆಮೇಲೆ ಸ್ವಲ್ಪ ಎಳೆದಿದ್ದಾರೆ. ಏಳನೆಯದರ ಕೊನೆಯ ಕಂತು ನೋಡಿ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಮತ್ತೆ, ಊಟ ಮಾಡುತ್ತಾ ನೋಡಬೇಡಿ. ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುವುದನ್ನ ಹತ್ತಿರದಿಂದ ತೋರಿಸುತ್ತಾರೆ. ನನಗೇನೋ ಅಭ್ಯಾಸ. ಅಮ್ಮ ಅಕ್ಕಿರೊಟ್ಟಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದವರು, ಟಿವಿ ಆಫ್ ಆಗುವವರೆಗೂ ಈಚೆ ಬರಲಿಲ್ಲ.