ರೇಡಿಯಂ ಕ್ಲೋರೈಡ್ ಬೇರಿಯಂ ಕ್ಲೋರೈಡನ್ನು ಎಷ್ಟು ಹೋಲುತ್ತದೆ?

ದಾವಣಗೆರೆಯ ನಮ್ಮ ಪಿಯು ಪ್ರಯೋಗಾಲಯದಲ್ಲಿ ಸಲ್ಫೇಟ್ ಪತ್ತೆಗೆ ಬಳಸುವ ಬೇರಿಯಂ ಕ್ಲೋರೈಡಿನಂತೆಯೇ ರೇಡಿಯಂ ಕ್ಲೋರೈಡಿನಲ್ಲಿಯೂ ಒಂದು ಲೋಹದ ಅಯಾನಿಗೆ ಎರಡು ಕ್ಲೋರೈಡ್ ಅಯಾನುಗಳಿರುತ್ತವೆ. ಎರಡೂ ಲೋಹಗಳು ಆವರ್ತಕ ಕೋಷ್ಟಕದ 2ನೇ ಗುಂಪಿನವು.

ರೇಡಿಯಂ ವಿಕಿರಣಶೀಲ ಲೋಹ. ಹೊಸದಾಗಿ ತಯಾರಿಸಿದಾಗ ರೇಡಿಯಂ ಕ್ಲೋರೈಡ್ ಬಿಳಿಯಾಗಿದ್ದು, ಕತ್ತಲಲ್ಲಿ ನೀಲಿ-ಹಸಿರು ಬೆಳಕು ಸೂಸುತ್ತದೆ. ತನ್ನದೇ ವಿಕಿರಣದಿಂದ ಹರಳುಗಳು ಹಾನಿಗೊಂಡು ಕ್ರಮೇಣ ಹಳದಿಗೆ ತಿರುಗುತ್ತದೆ. ನೀರಿನಲ್ಲಿ ಕರಗುತ್ತದೆಯಾದರೂ ಬೇರಿಯಂ ಕ್ಲೋರೈಡಿನಷ್ಟು ಕರಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಈ ಅಲ್ಪ ವ್ಯತ್ಯಾಸವನ್ನೇ. ಏಕೆಂದರೆ, ರಾಸಾಯನಿಕವಾಗಿ ಬಹುತೇಕ ಒಂದೇ ರೀತಿ ವರ್ತಿಸುವ ಈ ಎರಡು ಲವಣಗಳ ಮಿಶ್ರಣವನ್ನು ಮತ್ತೆ ಮತ್ತೆ ಕರಗಿಸಿ ಹರಳುಗಟ್ಟಿಸಿದಾಗ ಮೊದಲು ಮೂಡುವ ಹರಳುಗಳಲ್ಲಿ ರೇಡಿಯಂ ಹೆಚ್ಚುತ್ತ ಹೋಗುತ್ತದೆ. ಮೇರಿ ಕ್ಯೂರಿಯವರು ಟನ್ನುಗಟ್ಟಲೆ ಪಿಚ್‌ಬ್ಲೆಂಡ್ ಎಂಬ ಯುರೇನಿಯಂ ಅದಿರಿನ ಶೇಷದಿಂದ 1902ರಲ್ಲಿ ಸುಮಾರು 0.1 ಗ್ರಾಂ ಶುದ್ಧ ರೇಡಿಯಂ ಕ್ಲೋರೈಡನ್ನು ಪಡೆದದ್ದು ಹೀಗೆ. 1910ರಲ್ಲಿ ಅವರು ಫ್ರೆಂಚ್ ರಸಾಯನಶಾಸ್ತ್ರಜ್ಞ ಆಂದ್ರೆ ಡೆಬಿಯೆರ್ನ್ ಜೊತೆಗೂಡಿ, ಪಾದರಸದ ಕ್ಯಾಥೋಡ್ (ಋಣ ವಿದ್ಯುದ್ವಾರ) ಬಳಸಿ ಇದೇ ಲವಣದ ವಿದ್ಯುದ್ವಿಭಜನೆಯ ಮೂಲಕ ರೇಡಿಯಂ ಲೋಹವನ್ನು ಬೇರ್ಪಡಿಸಿದರು.

ರೇಡಿಯಂನ ಐಸೊಟೋಪುಗಳಲ್ಲಿ ಒಂದಾದ ರೇಡಿಯಂ-226ರ ಅರ್ಧಾಯುಷ್ಯ, ಅಂದರೆ ಅದರ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಕಾಲ, ಸುಮಾರು 1600 ವರ್ಷ. ಅದು ಕ್ಷಯಿಸುವಾಗ ವಿಕಿರಣಶೀಲವಾದ ರೇಡಾನ್ ಅನಿಲ ಹುಟ್ಟುವುದರಿಂದ ಲವಣವನ್ನು ಗಾಳಿಯಾಡದಂತೆ ಮುಚ್ಚಿಡಲೇಬೇಕು. ಸುಮಾರು 11.4 ದಿನಗಳ ಅರ್ಧಾಯುಷ್ಯದ ರೇಡಿಯಂ-223ರ ಕ್ಲೋರೈಡನ್ನು ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಚುಚ್ಚುಮದ್ದಾಗಿ ಬಳಸುತ್ತಾರೆ. ರೇಡಿಯಂ ಕ್ಯಾಲ್ಸಿಯಂನಂತೆ ಮೂಳೆಯನ್ನು ಸೇರುತ್ತದೆ ಎಂಬುದೇ ಇದಕ್ಕೆ ಕಾರಣ.